ಸೂಜಿಯಿಂದ ಹೊರಟ ಗಾಡಿ

ಬ್ನೇದ್ ಅಲ್ ಗಾರ್, ಕುವೈತ್
ಅಕ್ಟೋಬರ್ ೧, ೨೦೨೫, ಮಹಾನವಮಿಯ ಸಂಜೆ

ಸ್ಪಂದನಾಳ ಅಪ್ಪನಿಗೆ,

‘ಪ್ರೀತಿಯ’ ಎಂದು ಬರೆಯುವಷ್ಟು ಸಿಟ್ಟು ಇಳಿದಿಲ್ಲ. ವಾಟ್ಸಪ್‌ನಲ್ಲಿ ನೀವು ಓದಿ ಸುಮ್ಮನಿರುತ್ತೀರಿ. ಅದಕ್ಕೇ ಇದನ್ನು ನಿಮ್ಮ ಕಂಪೆನಿಯ ಧನರಾಜಣ್ಣನ ಕೈಯಲ್ಲಿ, ನೀವೀಗ ಇರುವ ಅಹ್ಮದಿ ಊರಿಗೆ ಕಳಿಸುತ್ತಿದ್ದೇನೆ.

ವಿಷಯ ನಿಮ್ಮ ಎನ್‌ಫೀಲ್ಡ್ ಬೈಕಿನದ್ದು. ನೀವು ಮುನಿಸಿಕೊಂಡು ಅಲ್ಲಿನ ಕಂಪೆನಿ ಕ್ವಾರ್ಟರ್ಸಿಗೆ ಹೋದ ಮೇಲೆ ಅದು ಕೆಳಗೆ ಪಾರ್ಕಿಂಗಿನಲ್ಲಿ ಧೂಳು ತಿನ್ನುತ್ತಿದೆ. ಕಟ್ಟಡ ನೋಡಿಕೊಳ್ಳುವ ನಿಯಾಝ್ ಭಾಯಿ, ಶನಿವಾರದೊಳಗೆ ತೆಗೆಯದಿದ್ದರೆ ಹೊರಗೆ ಹಾಕಿಸುತ್ತೇನೆ, ಖಲಾಸ್, ಎಂದಿದ್ದಾರೆ. ಅದನ್ನೂ ಅಹ್ಮದಿಗೆ ಒಯ್ದರೆ ನಿಮಗೆ ಈ ಮನೆಗೆ ಬರಲು ಇನ್ನು ನೆವವೇ ಇರುವುದಿಲ್ಲ. ಅದೂ ನನಗೆ ಗೊತ್ತು.

ನಿನ್ನೆ ಬ್ಲೌಸ್ ಹೊಲಿಯುತ್ತಿದ್ದೆ. ಸ್ಪಂದನಾ ಪಕ್ಕದಲ್ಲಿ ಕುಳಿತು ನಿಮ್ಮ ಬೈಕಿನ ಕಂಪೆನಿಯ ಕಥೆ ಓದಿ ಹೇಳಿದಳು, ಇಂಗ್ಲಿಷಿನಲ್ಲೇ. ಅಪ್ಪನ ನೆನಪಾದಾಗ ಅವಳಿಗೆ ಅದೇ ದಾರಿ. ಇಂಗ್ಲೆಂಡಿನ ರೆಡಿಚ್ ಎಂಬ ಊರಂತೆ. ಅಲ್ಲಿ ಅವರು ಮೊದಲು ಮಾಡುತ್ತಿದ್ದದ್ದು ಹೊಲಿಗೆಯ ಸೂಜಿಯಂತೆ! ಆಮೇಲೆ ಸೈಕಲ್ಲು, ಎನ್‌ಫೀಲ್ಡ್ ಎಂಬ ಇನ್ನೊಂದು ಊರಿನ ಕೋವಿ ಕಾರ್ಖಾನೆಗೆ ಬಿಡಿಭಾಗ, ಸಾವಿರದ ಒಂಬೈನೂರ ಒಂದರಲ್ಲಿ ಮೊದಲ ಮೋಟಾರ್ ಸೈಕಲ್ಲು. ಅಲ್ಲ ಮಾರಾಯ್ರೆ, ಮದುವೆಯಾದಾಗಿನಿಂದ ಊಟಕ್ಕೆ ಕುಳಿತಾಗೆಲ್ಲ ಕೋವಿಯ ಹಾಗೆ ಮಾಡಿದ ಗಾಡಿ ಎಂದು ಕೊಚ್ಚಿಕೊಂಡಿರಿ. ಸೂಜಿಯ ಸುದ್ದಿ ಒಂದು ದಿನವಾದರೂ ಎತ್ತಿದಿರಾ? ಧನರಾಜಣ್ಣನ ಮನೆಯಲ್ಲಿ ಎಲ್ಲರೆದುರು, ಸೂಜಿ ಹಿಡಿಯುವವಳಿಗೆ ಇಂಜಿನ್ ಬಗ್ಗೆ ಏನು ಗೊತ್ತು ಎಂದು ನಕ್ಕಿರಲ್ಲ, ಆಗಲಾದರೂ ನೆನಪಾಗಲಿಲ್ಲವಾ? ನನಗೆ ತುಂಬಾ ನೋವಾಯಿತು. ಗಾಡಿ ಬೇಕಾ ನಾನು ಬೇಕಾ ಎಂದು ಕೇಳಿದ್ದು ಅದಕ್ಕೇ.

ಆಮೇಲೆ ಮೆಷಿನ್ ತುಳಿಯುತ್ತಾ ಹಾಗೇ ಮಂಪರು ಬಂತು. ರೆಡಿಚ್‌ನ ಹೆಂಗಸರು ಕಿಟಕಿಯ ಬೆಳಕಿಗೆ ಸೂಜಿಯ ಕಣ್ಣು ಹಿಡಿದು ನೋಡುತ್ತಿದ್ದರು. ಸೂಜಿಗಳು ಉದ್ದುದ್ದ ಬೆಳೆದು ಚಕ್ರದ ಕಡ್ಡಿಗಳಾದವು. ಚಕ್ರ ತಿರುಗಿತು. ನಿಮ್ಮ ಅಂಗಿ ಹಿಡಿದುಕೊಂಡು ನಾನು ಹಿಂದೆ ಕುಳಿತಿದ್ದೆ. ಇಲ್ಲಿನ ಗಲ್ಫ್ ರೋಡಿನಲ್ಲಿ ಹೊರಟವರು ತಿರುವಿನಲ್ಲಿ ನೋಡಿದರೆ ನಮ್ಮೂರ ಕಡೆಯ ಪಣಂಬೂರಿನ ಕಡಲು! ಎಚ್ಚರವಾದಾಗ ಬ್ಲೌಸಿನ ತೋಳು ಸೊಟ್ಟಗಾಗಿತ್ತು.

ಇವತ್ತು ಆಯುಧಪೂಜೆ. ಮೆಷಿನ್ನಿಗೆ ಕುಂಕುಮ ಇಟ್ಟು ಸುಮ್ಮನೆ ಕುಳಿತಿದ್ದೇನೆ. ಗಾಡಿ ಒಯ್ಯುವುದಾದರೆ ಶುಕ್ರವಾರ ರಜೆಯ ದಿನ ಬನ್ನಿ. ಕೀ ಇದ್ದಲ್ಲೇ ಇದೆ.

ಇತಿ,
ಸ್ಪಂದನಾಳ ಅಮ್ಮ
ಆಶಾಲತಾ

ಮರೆತಿದ್ದೆ: ನಿಯಾಝ್ ಭಾಯಿ ಗಾಡಿ ತೆಗೆಯಲು ಹೇಳೇ ಇಲ್ಲ. ಇವತ್ತು ಅದನ್ನು ತೊಳೆದು, ಹೂ ಹಾಕಿ, ಚಕ್ರದ ಮುಂದೆ ನಿಂಬೆಹಣ್ಣು ಇಡುವಾಗ ಜೊತೆಗೆ ನಿಂತವರೇ ಅವರು. ನಿಂಬೆಹಣ್ಣು ಜಜ್ಜಿಕೊಂಡು ಗಾಡಿ ಮುಂದೆ ಹೋಗದೆ ಪೂಜೆ ಮುಗಿಯುವುದಿಲ್ಲವಲ್ಲ. ನನಗೆ ಓಡಿಸಲು ಬರುವುದಿಲ್ಲ. ನಿಂಬೆಹಣ್ಣು ಒಣಗುವ ಮೊದಲು ಬನ್ನಿ, ನಾನು ಹಿಂದೆ ಕೂರುತ್ತೇನೆ.