ಹನ್ನೊಂದನೇ ತಾರೀಖಿನ ಕೆಂಪು ಟಿಕ್ಕು

ಮಾರ್ಚ್ 9, ಬೆಳಿಗ್ಗೆ 8.20

ಆಫೀಸ್ ಗುಡಿಸಿ ಆಯಿತು. ಕೆಳಗಿನ ಟೈರ್ ಅಂಗಡಿಯವನು ಇನ್ನೂ ಷಟರ್ ಎತ್ತಿಲ್ಲ. ರಬ್ಬರ್ ವಾಸನೆ ಮಾತ್ರ ನನಗಿಂತ ಮೊದಲೇ ಮೆಟ್ಟಿಲು ಹತ್ತಿ ಬಂದು ಕೂತಿತ್ತು.

ಫೈಲುಗಳಿಗೆ ಲಾಡಿ ಕಟ್ಟಿ ಜೋಡಿಸಿದೆ. ಮೊದಲು ದಿನಕ್ಕೆ ಹನ್ನೆರಡು ಇರುತ್ತಿದ್ದವು. ಈಗ ವಾರಕ್ಕೆ ಐದು. ಉಳಿದ ಜಾಗವೆಲ್ಲ ಪಕ್ಷದ ಕರಪತ್ರಗಳದ್ದು. ಪ್ರತಿಯೊಂದರ ಮೇಲೂ ದೊಡ್ಡಮ್ಮನ ಫೋಟೊ, ಕಪ್ಪು ಕೋಟಿನಲ್ಲಿ. ಕೆಳಗೆ ದಪ್ಪ ಅಕ್ಷರ: ಬೀಗ ತೆಗೆಸಿದ ಕೈ! ಚುನಾವಣೆ ಗೆದ್ದು ಎರಡು ವರ್ಷವಾದರೂ ಕಟ್ಟುಗಳು ಖಾಲಿಯಾಗಿಲ್ಲ. ಕೋಟು ಈಗ ಬಾಗಿಲ ಹಿಂದಿನ ಮೊಳೆಯಲ್ಲಿದೆ. ಫೋಟೊ ತೆಗೆಯುವವರು ಬಂದರೆ ಇಳಿಯುತ್ತದೆ.

ಮುಂದಿನ ತಿಂಗಳು ಮಂತ್ರಿ ಮಾಡುತ್ತಾರಂತೆ. ಮಂತ್ರಿಯಾದರೆ ವಕೀಲಿ ಬಿಡಬೇಕು. ಆಮೇಲೆ ಈ ಮೊಳೆಗೆ ಏನು ನೇತುಹಾಕುವುದೋ.

ಮಾರ್ಚ್ 10, ಸಂಜೆ 6

ತಾರೀಖು ಪುಸ್ತಕ ಓದಿ ಹೇಳಿದೆ. ಇದು ನಮ್ಮ ಆಫೀಸಿನ ಕ್ರಮ. ಯಾವ ದಿನ ಯಾವ ಕೇಸು ಎಂದು ಬರೆಯುವುದು ನಾನು. ಹಿಂದಿನ ಸಂಜೆ ಗಟ್ಟಿಯಾಗಿ ಓದುವುದು ನಾನು. ಕೇಳಿಸಿಕೊಂಡು ಪಕ್ಕದಲ್ಲಿ ಕೆಂಪು ಪೆನ್ನಿನಿಂದ ಟಿಕ್ ಹಾಕುವುದು ಮೇಡಂ. (ಮೆಟ್ಟಿಲು ಹತ್ತಿದರೆ ಮೇಡಂ, ನೀವು. ಮನೆಯಲ್ಲಿ ದೊಡ್ಡಮ್ಮ, ನೀನು. ಈ ಡೈರಿಯಲ್ಲಿ ಬಾಯಿಗೆ ಬಂದದ್ದು.) ಕೆಲಸಕ್ಕೆ ಸೇರಿದ ದಿನವೇ ನಗುತ್ತಾ ಹೇಳಿದ್ದರು, "ನಾನು ನೋಡಿದ್ದಕ್ಕೆ ಇದು ಗುರುತು. ನಾಳೆ ಮರೆತುಬಿಟ್ಟು ನಿನ್ನ ತಲೆಗೆ ಕಟ್ಟಬಾರದು ನೋಡು."

ನಾಳೆ ಇರುವುದು ಒಂದೇ. ಲಾಂಡ್ರಿ ಅಕ್ಕನದು. ಕೊನೆಯ ವಾದ.

"ಮೇಡಂ, ನಾಳೆ ನಾನ್ ಹೋಗ್ತೀನಿ, ನೋ ಪ್ರಾಬ್ಲಂ" ಎಂದ ಜೂನಿಯರ್ ವಕೀಲ. ಅವನಿಗೆ ಎಲ್ಲವೂ ನೋ ಪ್ರಾಬ್ಲಂ. ಹೆಸರೇ ಅದಾಗಿದೆ.

"ಬೇಡಪ್ಪ. ಇದು ನನ್ನ ಕೇಸು. ನಾನೇ ಬರ್ತೀನಿ." ನನ್ನ ಕಡೆ ತಿರುಗಿ, "ಹತ್ತೂವರೆಗೆ ಅಕ್ಕನ್ನ ಕೋರ್ಟ್ ಗೇಟಲ್ಲಿ ನಿಲ್ಲಿಸ್ಕೊಂಡಿರು. ಒಟ್ಟಿಗೆ ಮೇಲೆ ಹೋಗೋಣ."

ಟಿಕ್ ಬಿತ್ತು. ಕೆಂಪು.

ಮಾರ್ಚ್ 11, ಮಧ್ಯಾಹ್ನ 2

ಕೋರ್ಟಿನಿಂದ ಬಂದವಳೇ ಬರೆಯುತ್ತಿದ್ದೇನೆ. ಅಕ್ಷರ ವಕ್ರ.

ಹತ್ತೂಕಾಲಿಗೇ ಗೇಟಿನಲ್ಲಿದ್ದೆವು. ಅಕ್ಕ ಇಸ್ತ್ರಿ ಗೆರೆ ಮುರಿಯದ ಬಟ್ಟೆ ಉಟ್ಟು ಬಂದಿದ್ದಳು. ಕೆಲಸ ಹೋಗಿ ನಾಲ್ಕು ವರ್ಷವಾದರೂ ಕೈ ಮರೆತಿಲ್ಲ. ಹನ್ನೊಂದಾಯಿತು. ಹನ್ನೊಂದೂವರೆ. ಹದಿನಾಲ್ಕು ಸಲ ಫೋನ್ ಮಾಡಿದೆ. "ಬರ್ತಾರೆ ಬಿಡು, ದೊಡ್ಡವರು ಅಂದ್ಮೇಲೆ ನೂರು ಕೆಲ್ಸ" ಎಂದು ಅಕ್ಕ ನನಗೇ ಸಮಾಧಾನ ಹೇಳಿದಳು. ಹನ್ನೆರಡೂಕಾಲಿಗೆ ಮೇಲೆ ಓಡಿದೆ. ಬೆಂಚ್ ಕ್ಲರ್ಕ್ ಕನ್ನಡಕದ ಮೇಲಿಂದ ನೋಡಿದರು.

"ಮೂರು ಸಲ ಕೂಗಿದ್ವಿ. ಯಾರೂ ಹಾಜರಿಲ್ಲ. ವಜಾ."

ನಾಲ್ಕು ವರ್ಷ. ಮೂರು ಕೂಗು. ಮುಗಿಯಿತು.

ಮಾರ್ಚ್ 12, ಬೆಳಿಗ್ಗೆ 7

ಪೇಪರಿನ ಮೂರನೇ ಪುಟ. ಲಾಂಡ್ರಿ ಮಾಲೀಕನ ಹೊಸ ಸಭಾಂಗಣದ ಉದ್ಘಾಟನೆ, ನಿನ್ನೆ ಹನ್ನೊಂದು ಗಂಟೆಗೆ. ರಿಬ್ಬನ್ ಕತ್ತರಿಸುತ್ತಿರುವವಳು ದೊಡ್ಡಮ್ಮ. ಪಕ್ಕದಲ್ಲಿ ಹಲ್ಲು ಕಿರಿಯುತ್ತಿರುವವನು ಮಾಲೀಕ. ಅಕ್ಕ ಕೇಸು ಹಾಕಿರುವ ಅದೇ ಮಾಲೀಕ!

ಬರೆದಿಡುತ್ತೇನೆ, ಇಲ್ಲದಿದ್ದರೆ ತಲೆ ಸಿಡಿಯುತ್ತದೆ.

ದೊಡ್ಡಮ್ಮ ನಮ್ಮ ಮನೆತನದಲ್ಲಿ ಕಾಲೇಜು ನೋಡಿದ ಮೊದಲ ಹೆಂಗಸು. ಮೊದಲ ಕೋಟು ಸೀನಿಯರ್ ಒಬ್ಬರ ಹಳೆಯದು, ತೋಳು ಮಡಚಿ ಹೊಲಿದುಕೊಟ್ಟವಳು ನನ್ನ ಅಮ್ಮ. ಮೊದಲ ದಿನ ಜಡ್ಜ್ ಆಕೆಯನ್ನು ಕಕ್ಷಿದಾರಳೆಂದುಕೊಂಡು "ನಿಮ್ಮ ವಕೀಲರು ಎಲ್ಲಮ್ಮಾ?" ಎಂದರಂತೆ. "ಎದುರಿಗೇ ಇದ್ದಾರೆ ಸ್ವಾಮಿ" ಅಂದಳಂತೆ. ಆರು ವರ್ಷ ಸ್ವಂತ ಮೇಜಿಲ್ಲ, ಕಾರಿಡಾರಿನ ಕಲ್ಲುಬೆಂಚೇ ಆಫೀಸು.

ಆಮೇಲೆ ಬಂದದ್ದು ಬೀಗದ ಕೇಸು. ಆಸ್ಪತ್ರೆಗಳ ಬಟ್ಟೆ ಒಗೆಯುವ ಆ ಲಾಂಡ್ರಿಯಲ್ಲಿ ಹೆಂಗಸರನ್ನು ಒಳಗೆ ಬಿಟ್ಟು ಹೊರಗಿನಿಂದ ಬೀಗ ಹಾಕುತ್ತಿದ್ದರು, ಶಿಫ್ಟ್ ಮುಗಿಯುವ ತನಕ. ಆವಿಗೆ ಒಬ್ಬಳು ಮೂರ್ಛೆ ಹೋದರೂ ತೆಗೆಯಲಿಲ್ಲ. ಮೂವತ್ತೆರಡು ಹೆಂಗಸರಲ್ಲಿ ಸಾಕ್ಷಿ ಹೇಳಲು ಎದ್ದು ನಿಂತವಳು ಒಬ್ಬಳೇ, ಲಾಂಡ್ರಿ ಅಕ್ಕ. ದೊಡ್ಡಮ್ಮ ಆ ಬೀಗವನ್ನೇ ತಂದು ಜಡ್ಜ್ ಮೇಜಿನ ಮೇಲಿಟ್ಟಳು. ಗೆದ್ದಳು. ಊರೆಲ್ಲ ಹೆಸರು. ಪಕ್ಷದವರು ಮನೆ ಬಾಗಿಲಿಗೆ ಬಂದರು. ಆ ಬೀಗ ಈಗ ಆಫೀಸಿನಲ್ಲಿ ಕಾಗದ ಹಾರದಂತೆ ಇಡುವ ತೂಕ.

ಮತ್ತೆ ಅಕ್ಕ? ಕೇಸ್ ಮುಗಿದ ವಾರವೇ ಕೆಲಸದಿಂದ ತೆಗೆದರು. ಕೆಲಸ ವಾಪಸ್ ಕೊಡಿ ಎಂಬುದೇ ನಿನ್ನೆ ಸತ್ತ ಕೇಸು.

ಒಬ್ಬಳಿಗೆ ಬೀಗದಿಂದ ಕುರ್ಚಿ. ಇನ್ನೊಬ್ಬಳಿಗೆ ಬೀದಿ.

ಮಾರ್ಚ್ 15, ಸಂಜೆ

ನೋ ಪ್ರಾಬ್ಲಂ ಒಂದು ಕಾಗದ ತಂದು ಮುಂದಿಟ್ಟ. ಅಫಿಡವಿಟ್. "ನಾನು, ಕಚೇರಿಯ ಗುಮಾಸ್ತೆ, 11ನೇ ತಾರೀಖಿನ ಬದಲು 17 ಎಂದು ತಪ್ಪಾಗಿ ಬರೆದುಕೊಂಡೆನಾದ್ದರಿಂದ ವಕೀಲರು ಹಾಜರಾಗಲು ಸಾಧ್ಯವಾಗಲಿಲ್ಲ..."

"ನಾನು ಬರೆದದ್ದು ಹನ್ನೊಂದು."

"ಗೊತ್ತಮ್ಮ. ಎಲ್ಲ ಆಫೀಸಲ್ಲೂ ಹೀಗೇ ಕಣೇ. ವಕೀಲ್ರ ತಪ್ಪು ಅಂದ್ರೆ ಕೋರ್ಟು ಗುರ್ ಅನ್ನುತ್ತೆ. ಗುಮಾಸ್ತರ ತಪ್ಪು ಅಂದ್ರೆ ಪಾಪ ಅನ್ನುತ್ತೆ. ಕೇಸ್ ಮತ್ತೆ ಎದ್ದು ಕೂರುತ್ತೆ. ನೋ ಪ್ರಾ..."

"ಪ್ರಾಬ್ಲಂ ಇದೆ."

"ಏನು?"

"ಮೇಡಂ ಟಿಕ್ ಇದೆ."

ಅವನ ಮುಖ ಹುಳ್ಳಗಾಯಿತು. ಕಪಾಟು ತೆಗೆದು ತೋರಿಸೋಣವೆಂದು ಹೋದೆ. ತಾರೀಖು ಪುಸ್ತಕ ಇಲ್ಲ. ಮೇಡಂ ಕಾರಿನಲ್ಲಿ ಒಯ್ದಿದ್ದಾರಂತೆ.

ಮಾರ್ಚ್ 16

ಅಮ್ಮನಿಗೆ ಹೇಳಿದೆ. ಹೊಲಿಗೆ ಮಿಷನ್ ನಿಲ್ಲಿಸಲೇ ಇಲ್ಲ. ಮಿಷನ್ ಸದ್ದಿನಲ್ಲೇ ಬೈದಳು.

"ನಿನ್ನ ಮುಖ ನೋಡಿ ಯಾರು ಕೆಲ್ಸ ಕೊಡ್ತಿದ್ರು? ಎಂಟನೇ ಕ್ಲಾಸಿಗೇ ಓದಿಗೆ ಮಣ್ಣು ಹಾಕಿದವಳು. ಅವತ್ತೂ ಇದೇ ಹಟ. ಒಂದು ಸಹಿ ಹಾಕಿದ್ರೆ ಇವತ್ತು ಕಾಲೇಜಲ್ಲಿರ್ತಿದ್ದೆ."

ಹೌದು. ಅವತ್ತೂ ಸಹಿಯೇ. ಲ್ಯಾಬಿನ ಗಾಜು ಒಡೆದವಳು ನಾನಲ್ಲ. ಕ್ಷಮಾಪಣೆ ಪತ್ರ ಬರೆದು ಸಹಿ ಹಾಕು, ಇಲ್ಲವೇ ಬರಬೇಡ ಎಂದರು ಹೆಡ್‌ಮಿಸ್ಟ್ರೆಸ್. ಬರಲಿಲ್ಲ. ಮನೆಯಲ್ಲಿ ಎಲ್ಲರೂ ಉಗಿದರು. ದೊಡ್ಡಮ್ಮ ಒಬ್ಬಳೇ ಕೈ ಹಿಡಿದು ಆಫೀಸಿಗೆ ಕರೆತಂದಳು. "ಮಾಡದ ತಪ್ಪಿಗೆ ಸಹಿ ಹಾಕದವಳು ನನಗೆ ಬೇಕು" ಎಂದಳು.

ಆ ಮಾತಿಗೆ ಯಾರೂ ಕೆಂಪು ಟಿಕ್ ಹಾಕಿಸಿಕೊಂಡಿರಲಿಲ್ಲ.

ಮಾರ್ಚ್ 19, ಮಧ್ಯಾಹ್ನ

ಅಕ್ಕ ಬಂದಿದ್ದಳು. ಮೆಟ್ಟಿಲ ಮೇಲೆಯೇ ಕೂತಳು. ನೋ ಪ್ರಾಬ್ಲಂ ಅವಳಿಗೂ ಫೋನ್ ಮಾಡಿದ್ದಾನೆ, ಗುಮಾಸ್ತೆ ಹಟ ಮಾಡುತ್ತಿದ್ದಾಳೆ ಎಂದು.

"ಹಾಕ್ಬಿಡೇ ತಾಯಿ. ಮೂವತ್ತು ದಿನದೊಳಗೆ ಅರ್ಜಿ ಹೋಗ್ಬೇಕಂತೆ. ನಿನ್ನ ಸಹಿ ಮೇಲೆ ನನ್ನ ಕೆಲ್ಸ ಕೂತಿದೆ."

ಅವಳ ಎದುರು ನನ್ನ ಪ್ರಾಮಾಣಿಕತೆ ದೊಡ್ಡವರ ಮನೆಯ ಸಾಮಾನಿನ ಹಾಗೆ ಕಂಡಿತು. ಯೋಚಿಸುತ್ತೇನೆ ಎಂದೆ. "ಯೋಚ್ನೆ ಮಾಡೋಕೆ ನಿನಗೆ ವಯಸ್ಸಿದೆ ಮಗಳೇ" ಎಂದು ಎದ್ದು ಹೋದಳು.

ಮಾರ್ಚ್ 20, ಬೆಳಿಗ್ಗೆ 6

ಏಳುತ್ತಲೇ ಹೊಳೆಯಿತು.

ಮೂರು ಸಲ ಕೂಗಿದಾಗ ಅಕ್ಕ ಮೇಲಿದ್ದಿದ್ದರೆ? "ಇದ್ದೀನಿ ಸ್ವಾಮಿ, ವಕೀಲರು ಬರ್ತಿದ್ದಾರೆ" ಎಂದಿದ್ದರೆ? ಇನ್ನೊಂದು ತಾರೀಖು ಕೊಟ್ಟೇ ಕೊಡುತ್ತಿದ್ದರು. ಐದು ವರ್ಷದಿಂದ ನೋಡುತ್ತಿದ್ದೇನೆ, ದಿನಾ ಕೊಡುತ್ತಾರೆ. ಅವಳನ್ನು ಕೆಳಗೆ ಗೇಟಿನಲ್ಲಿ ನಿಲ್ಲಿಸಿಕೊಂಡವಳು ಯಾರು? ನಾನು. ಮೇಡಂ ಕಾರು ಬರುತ್ತದೆಂದು ಎರಡು ಗಂಟೆ ರಸ್ತೆ ನೋಡಿದವಳು ನಾನು. ಗುಮಾಸ್ತೆಗೆ ಗೊತ್ತಿರಬೇಕಾದ ಮೊದಲ ಪಾಠ, ವಕೀಲರಿಲ್ಲದಿದ್ದರೂ ಕಕ್ಷಿದಾರರು ಕೂಗಿದ ಕಡೆ ಇರಬೇಕು. ಊರ ಮೇಲೆ ಉರಿಯುತ್ತಿದ್ದೆ. ನನ್ನ ಕಾಲ ಬುಡ ನೋಡಿರಲಿಲ್ಲ.

ಹಾಗಾದರೆ ಗುಮಾಸ್ತೆಯ ತಪ್ಪು ಇದೆ. ಕಾಗದದಲ್ಲಿರುವ ತಪ್ಪಲ್ಲ. ಬೇರೆಯದು.

ಅದೇ ದಿನ, ಮಧ್ಯಾಹ್ನ

ಅಕ್ಕನ ಮನೆಗೆ ಹೋಗಿ ಹೇಳಿದೆ. ಎಲ್ಲ. ರಿಬ್ಬನ್, ಟಿಕ್, ಗೇಟು. ಅಕ್ಕ ಮಡಚುತ್ತಿದ್ದ ಬಟ್ಟೆ ಕೆಳಗಿಟ್ಟಳು.

"ಅಂದ್ರೆ, ನಾನು ಮೇಲೆ ಬಂದು ನಿಂತಿದ್ರೆ ಸಾಕಿತ್ತಾ?"

"ಸಾಕಿತ್ತು."

"ಮಂಕೇ" ಎಂದಳು. ಇನ್ನೂ ಏನೇನೋ ಎಂದಳು, ಇಲ್ಲಿ ಬರೆಯುವುದಿಲ್ಲ. ಎಲ್ಲವೂ ನನಗೆ ಸಲ್ಲಬೇಕಾದದ್ದೇ. ಆಮೇಲೆ ನೀರು ಕುಡಿದು, "ಅದನ್ನೂ ಬರಿ. ಎಲ್ಲಾ ಬರಿ. ಇದ್ದದ್ದು ಇದ್ದ ಹಾಗೆ."

"ಹಾಗೆ ಬರೆದ್ರೆ ಕೋರ್ಟು ಒಪ್ಪದೇನೇ ಇರಬಹುದು ಅಕ್ಕ."

"ಅವತ್ತು ಬೀಗದ ವಿಷ್ಯ ನಿಜ ಹೇಳಿದ್ದಕ್ಕೇ ಕೆಲ್ಸ ಹೋಯ್ತು. ಈಗ ಸುಳ್ಳು ಹೇಳಿ ತಗೊಳ್ಳೋದಾದ್ರೆ, ಅವತ್ತೇ ಸುಳ್ಳು ಹೇಳಿ ಉಳಿಸ್ಕೋತಿರ್ಲಿಲ್ವಾ?"

ಮಾರ್ಚ್ 22, ಸಂಜೆ 5

ದೊಡ್ಡಮ್ಮ ತಾನೇ ಮನೆಗೆ ಬಂದಳು. ಕಾರು ಓಣಿಯ ಬಾಯಲ್ಲಿ ನಿಲ್ಲಿಸಿ ನಡೆದು ಬಂದಿದ್ದಳು. ಅಮ್ಮ ಟೀ ಇಟ್ಟು ಒಳಗೆ ಸೇರಿಕೊಂಡಳು. ಮಿಷನ್ ಸದ್ದಿಲ್ಲ. ಕೇಳಿಸಿಕೊಳ್ಳುತ್ತಿದ್ದಾಳೆ.

"ಸಹಿ ಹಾಕು. ಕೇಸಿಗೆ ಜೀವ ಬರುತ್ತೆ. ಯಾರಿಗೇನು ನಷ್ಟ?"

"ನನಗೆ."

"ನಿನಗೇನು? ಲೈಸೆನ್ಸ್ ಹೋಗುತ್ತಾ?"

"ಎಂಟನೇ ಕ್ಲಾಸಿನವಳು ಬರೆದ ತಾರೀಖು ಒಂದೂ ತಪ್ಪಿಲ್ಲ ದೊಡ್ಡಮ್ಮ, ಐದು ವರ್ಷದಲ್ಲಿ. ನನ್ನ ಹತ್ರ ಇರೋದು ಅದೊಂದೇ. ಅದನ್ನೂ ಕಿತ್ಕೋಬೇಡ."

ಟೀ ಲೋಟ ತಿರುಗಿಸುತ್ತಾ ಕೂತಳು. ಕೇಳಿಯೇಬಿಟ್ಟೆ.

"ಅವತ್ತು ಮರೆತೆಯಾ? ಇಲ್ಲಾ ಬೇಕಂತಲೇ ಬರಲಿಲ್ವಾ?"

"ಮರೆತೆ ಅಂದ್ರೆ ನಂಬ್ತೀಯಾ?"

"ಹೇಳಿ ನೋಡು."

ಹೇಳಲಿಲ್ಲ. ಅಷ್ಟೇ. ಹೇಳಿದ್ದರೆ ನಂಬಿಬಿಡುತ್ತಿದ್ದೆ, ಆಣೆಗೂ. ಅದಕ್ಕೇ ಸಿಟ್ಟು ಜಾಸ್ತಿ.

"ನಾನು ಮಂತ್ರಿಯಾದ್ರೆ ಅವಳಂಥ ಸಾವಿರ ಜನಕ್ಕೆ ಕಾನೂನೇ ತರಬಹುದು. ಆ ಮಾಲೀಕನ ಕೈ ನನಗೆ ಈಗ ಬೇಕು. ರಾಜಕೀಯ ನಿನಗೆ ತಿಳಿಯಲ್ಲ."

"ತಿಳಿಯಲ್ಲ. ಆದ್ರೆ ಆ ಸಾವಿರದಲ್ಲಿ ಮೊದಲನೆಯವಳು ಗೇಟಲ್ಲಿ ನಿಂತಿದ್ಳು."

"ನಿನ್ನನ್ನ ಕೈ ಹಿಡಿದು ಕರ್ಕೊಂಡ್ ಬಂದವಳು ನಾನು ಕಣೇ!"

"ಅದಕ್ಕೇ ದೊಡ್ಡಮ್ಮ."

ಟೀ ಕುಡಿಯದೆ ಎದ್ದಳು. ಬಾಗಿಲಲ್ಲಿ ಚಪ್ಪಲಿ ಮೆಟ್ಟುವಾಗ ಗೋಡೆಗೆ ಕೈ ಆನಿಸಿಕೊಂಡಳು. ವಯಸ್ಸಾಗಿದೆ. ಯಾವತ್ತೂ ನೋಡಿರಲಿಲ್ಲ.

ಮಾರ್ಚ್ 24

ಆಫೀಸಿನ ಬೀಗದ ಕೈ ನೋ ಪ್ರಾಬ್ಲಂಗೆ ಕೊಟ್ಟುಬಿಟ್ಟೆ. ಮೊದಲ ಸಲ ಅವನ ಬಾಯಿಂದ ಆ ಮಾತು ಬರಲಿಲ್ಲ.

ಅಲ್ಲಿಂದ ಅಕ್ಕನ ಜೊತೆ ಕೋರ್ಟಿನ ಎದುರಿನ ಟೈಪಿಸ್ಟ್ ಅಜ್ಜನ ಹತ್ತಿರ. ವಕೀಲರಿಲ್ಲ, ಅರ್ಜಿ ಅಕ್ಕನದೇ ಹೆಸರಲ್ಲಿ. ನನ್ನ ಅಫಿಡವಿಟ್ ನಾನೇ ಹೇಳಿ ಬರೆಸಿದೆ. ತಾರೀಖು ಸರಿಯಾಗಿ ಬರೆದಿದ್ದೆ. ಹಿಂದಿನ ಸಂಜೆ ವಕೀಲರಿಗೆ ಓದಿ ಹೇಳಿದ್ದೆ, ಟಿಕ್ ಹಾಕಿದರು. ಕೇಸು ಕೂಗಿದ ಹೊತ್ತಿನಲ್ಲಿ ಅವರು ಎದುರುದಾರನಾದ ಮಾಲೀಕನ ಸಮಾರಂಭದಲ್ಲಿದ್ದರು. ಅರ್ಜಿದಾರಳು ಹತ್ತೂಕಾಲಿನಿಂದ ಕೋರ್ಟಿನ ಗೇಟಿನಲ್ಲೇ ಇದ್ದಳು. ಅವಳನ್ನು ಮೇಲೆ ಕರೆದೊಯ್ಯದೆ ಇದ್ದದ್ದು ನನ್ನ ತಪ್ಪು, ಅವಳದಲ್ಲ.

ಅಜ್ಜ ಬೆರಳು ನಿಲ್ಲಿಸಿ ನೋಡಿದರು. "ಮೂವತ್ತೈದು ವರ್ಷದಿಂದ ಗುಮಾಸ್ತರ ತಪ್ಪು ಟೈಪ್ ಮಾಡ್ತಿದ್ದೀನಿ. ಗುಮಾಸ್ತೆ ಸರಿಯಾಗೇ ಬರೆದಿದ್ಳು ಅಂತ ಹೊಡೀತಿರೋದು ಇದೇ ಮೊದ್ಲು. ಕಾಗುಣಿತ ತಪ್ಪಿದ್ರೆ ಕ್ಷಮಿಸಮ್ಮ, ಅಭ್ಯಾಸ ಇಲ್ಲ."

ಅಕ್ಕ ನಕ್ಕಳು. ಹನ್ನೊಂದನೇ ತಾರೀಖಿನ ನಂತರ ಮೊದಲ ಸಲ.

ಏಪ್ರಿಲ್ 6

ಹದಿಮೂರು ದಿನ ಏನೂ ಬರೆಯಲಿಲ್ಲ. ಬರೆಯಲು ಏನಿದೆ? ಅಮ್ಮ ಮಾತು ಬಿಟ್ಟಿದ್ದಾಳೆ. ಗುಂಡಿಯ ಕಾಜಾ ಹೊಲಿಯಲು ಮಾತ್ರ ಬಟ್ಟೆ ತಳ್ಳುತ್ತಾಳೆ. ಮಂತ್ರಿಗಳ ಪಟ್ಟಿ ಇನ್ನೂ ಬಂದಿಲ್ಲ. ಮಾಲೀಕನ ವಕೀಲರು ಉತ್ತರ ಹಾಕಿದ್ದಾರೆ: ಕೆಲಸ ಬಿಟ್ಟ ಗುಮಾಸ್ತೆಯ ದ್ವೇಷದ ಮಾತು, ತಾರೀಖು ಪುಸ್ತಕ ಎಲ್ಲಿ, ತೋರಿಸಲಿ.

ಎಲ್ಲಿಂದ ತಂದು ತೋರಿಸಲಿ? ಅದು ಕಾರಿನಲ್ಲಿದೆ.

ಏಪ್ರಿಲ್ 8, ಬೆಳಿಗ್ಗೆ 10.15, ಕೋರ್ಟಿನ ಗೇಟು

ಅಕ್ಕ ಬಂದಿದ್ದಾಳೆ. ಅದೇ ಬಟ್ಟೆ, ಅದೇ ಇಸ್ತ್ರಿ ಗೆರೆ. ಬ್ಯಾಗಿನಲ್ಲಿ ಈ ಡೈರಿಯನ್ನೂ ಇಟ್ಟುಕೊಂಡಿದ್ದೇನೆ. ಮಾರ್ಚ್ 10ರ ಪುಟ ಇದರಲ್ಲಿದೆ. ಕೇಳಿದರೆ ಕೊಡುತ್ತೇನೆ. ಜಡ್ಜ್ ನನ್ನ ಬೈಗುಳಗಳನ್ನೆಲ್ಲ ಓದಬೇಕಾಗುತ್ತದೆ, ಓದಲಿ.

10.40, ಮೇಲೆ, ಕೋರ್ಟ್ ಹಾಲಿನ ಬೆಂಚು

ಈಗ ತಾನೇ ಆದದ್ದು. ರಸ್ತೆಯ ತಿರುವಿನಲ್ಲಿ ದೊಡ್ಡಮ್ಮನ ಕಾರು ಕಂಡಿತು. ಗೇಟಿನ ಮುಂದೆ ನಿಂತಿತು. ಗಾಜು ಏರಿಸಿತ್ತು. ಹಿಂದಿನ ಸೀಟಿನಲ್ಲಿ ಕಪ್ಪಗೆ ಏನೋ, ಕೋಟೋ ನೆರಳೋ. ಬಾಗಿಲು ತೆಗೆಯಲಿಲ್ಲ.

"ಮೇಡಂ!" ಎಂದಳು ಅಕ್ಕ. "ಒಂದ್ನಿಮಿಷ ನಿಂತು ನೋಡೋಣ್ವಾ?"

"ಬೇಡ ಅಕ್ಕ. ಬರೋರು ಮೇಲೆ ಬರ್ತಾರೆ."

ಕೈ ಹಿಡಿದು ಮೆಟ್ಟಿಲು ಹತ್ತಿಸಿದೆ. ತಿರುಗಿ ನೋಡಲಿಲ್ಲ. ಸುಳ್ಳು, ಒಂದು ಸಲ ನೋಡಿದೆ. ಕಾರು ಅಲ್ಲೇ ಇತ್ತು.

ಮುಂದಿನ ಸಾಲಿನಲ್ಲೇ ಕೂತಿದ್ದೇವೆ. ನಮಗಿಂತ ಮೊದಲು ಎರಡು ಕೇಸು. ಒಂದು ಮುಗಿಯಿತು. ಇನ್ನೊಂದಕ್ಕೆ ತಾರೀಖು ಕೊಟ್ಟರು. ಕಾರಿಡಾರಿನಲ್ಲಿ ಯಾರದೋ ಚಪ್ಪಲಿ ಸದ್ದು. ಬೆಂಚ್ ಕ್ಲರ್ಕ್ ನಮ್ಮ ಫೈಲ್ ಎತ್ತಿಕೊಂಡರು. ಮೊದಲ ಕೂಗಿಗೇ ಅಕ್ಕ ಎದ್ದು ನಿಂತು, ಇಡೀ ಹಾಲ್ ತಿರುಗುವ ಹಾಗೆ, "ಇದ್ದೀನಿ ಸ್ವಾಮೀ" ಅಂದಳು.