‘ಆದರ್ಶ ಶಿಶು’ವಿನ ಪಟ ಕೆಳಗಿಳಿಸಿ

ಶಿಶು ಪ್ರದರ್ಶನ ನಡೆಸುವ ಆರೋಗ್ಯಾಧಿಕಾರಿಗಳೇ,

1978ರಲ್ಲಿ ನನ್ನ ಮೊಮ್ಮಗಳು ನರ್ಮದಾಳಿಗೆ ಮೊದಲ ಬಹುಮಾನ ಕೊಟ್ಟಿರಿ. ಎಂಟು ವರ್ಷದ ಮೇಲೆ ಅದನ್ನು ವಾಪಸು ತೆಗೆದುಕೊಳ್ಳಿ ಎಂದು ಕೇಳಲು ಪತ್ರಿಕೆಯ ಮೂಲಕ ಈ ಪತ್ರ. ಮೂರನೇ ಇಯತ್ತೆಗೆ ಶಾಲೆ ಬಿಟ್ಟವಳು ನಾನು. ಪತ್ರಿಕೆಯವರು ಅಕ್ಷರ ತಿದ್ದಿಕೊಳ್ಳಲಿ, ವಿಷಯ ತಿದ್ದುವುದು ಬೇಡ.

ಅಂದು ಕೂಸುಗಳನ್ನೆಲ್ಲ ಸಾಲಾಗಿ ತಕ್ಕಡಿಗೆ ಹಾಕಿದಿರಿ. ಹತ್ತು ತಿಂಗಳ ನರ್ಮದಾ ಹದಿಮೂರು ಕಿಲೋ ತೂಗಿದಳು. ಚಪ್ಪಾಳೆಯಾಯಿತು, ಹಾಲಿನ ಪುಡಿಯ ಡಬ್ಬಿ ಬಂತು, ಪಟ ತೆಗೆದು ‘ಆದರ್ಶ ಶಿಶು’ ಎಂದು ಬರೆದು ಆಸ್ಪತ್ರೆಯ ಗೋಡೆಗೆ ತೂಗುಹಾಕಿದಿರಿ. ನಾನು ತೆಂಗಿನಗುಂಡಿಯಲ್ಲಿ ಮೀನು ಮಾರುವವಳು. ಎರಡು ಬಂಗಡೆ ಕೊಳ್ಳುವ ಹೆಂಗಸೂ ತಾಜಾ ಹೌದೋ ಅಲ್ಲವೋ ಎಂದು ಕಿವಿರು ಎತ್ತಿ ನೋಡದೆ ಬಿಡುವುದಿಲ್ಲ. ಓದಿದ ತಮಗೆ ತಕ್ಕಡಿಯ ಮುಳ್ಳೊಂದೇ ಸಾಕಾಯಿತೇ?

ಬಡಕಲಾಗಿ ಸತ್ತ ಮಕ್ಕಳನ್ನು ಕಂಡವಳು ನಾನು. ನನ್ನವೇ ಎರಡು ಹೋದವು. ದಪ್ಪಗಿದ್ದರೆ ಬದುಕುತ್ತದೆ ಎಂದುಕೊಂಡಿದ್ದೆ; ನಿಮ್ಮ ಬಹುಮಾನ ಅದಕ್ಕೆ ಮೊಹರು ಒತ್ತಿತು. ಅಂದಿನಿಂದ ಅವಳು ಸಾಕೆಂದ ಮೇಲೂ ಎರಡು ತುತ್ತು. ನಡೆದರೆ ಕರಗೀತೆಂದು ಶಾಲೆಗೆ ಅಪ್ಪನ ಸೈಕಲ್ಲು. ಪೇಟೆಗೆ ಹೋದಾಗಲೆಲ್ಲ ಬಿಸ್ಕಿಟು, ಬಣ್ಣದ ಸೋಡಾ. ಸೊಸೆ ಕಮಲಿ, “ಸಾಕು ಅತ್ತೆ, ಕೂಸಿಗೆ ಉಸ್ರಾಡೂಕೆ ಜಾಗ ಬಿಡಿ” ಎಂದರೆ, “ನೀ ಎಂತ ಡಾಕ್ಟ್ರಾ? ಬಹುಮಾನ ಕೊಟ್ಟವ್ರಿಗೆ ಗೊತ್ತಿಲ್ವಾ?” ಎಂದು ಬಾಯಿ ಮುಚ್ಚಿಸಿದೆ. ನಮ್ಮನ್ನು ನೋಡಿ ಕಲಿತ ಮನೆಗಳು ಕೇರಿಯಲ್ಲೀಗ ನಾಲ್ಕೈದಿವೆ.

ನರ್ಮದಾಳ ತೂಕ ಈಗ ಐವತ್ತು ಕಿಲೋ. ದಿಬ್ಬ ಹತ್ತಿದರೆ ಏದುಸಿರು, ಮೊಣಕಾಲು ನೋವು. ಶಾಲೆಗೆ ಹೋಗಲು ಒಲ್ಲೆ ಎನ್ನುತ್ತಾಳೆ. ನಿಮ್ಮದೇ ಆಸ್ಪತ್ರೆಯ ಹೊಸ ಡಾಕ್ಟರು, “ಇಷ್ಟಾಗೋವರೆಗೆ ಎಂತ ಮಾಡ್ತಿದ್ರಿ ಅಮ್ಮಾ?” ಎಂದು ಗದರಿದರು. ಅವರ ತಲೆಯ ಮೇಲೇ ಪಟವಿತ್ತು. ಬೆರಳು ತೋರಿಸಿದೆ. ಪಟ ನೋಡಿ ನರ್ಮದಾ ಕೇಳಿದಳು:

“ಅಜ್ಜೀ, ಬಹುಮಾನ ಬಂದದ್ದು ನಂಗಾ, ನಿಂಗಾ?”

ಡಾಕ್ಟರು ಊಟ ಕಡಿಮೆ ಮಾಡಿ ಎಂದು ಚೀಟಿ ಬರೆದುಕೊಟ್ಟಿದ್ದಾರೆ. “ಇನ್ನೊಂಚೂರು ಹಾಕೇ ಅಜ್ಜಿ” ಎಂದು ಅವಳು ಬಟ್ಟಲು ಚಾಚಿದಾಗ ಚೀಟಿ ತೋರಿಸಲೇ? ಆ ಹಸಿವನ್ನು ಕಲಿಸಿದ ಕೈ ಇದೇ. ಒಮ್ಮೊಮ್ಮೆ ಹಾಕಿಬಿಡುತ್ತೇನೆ.

ಮೊನ್ನೆ ಆ ಗೋಡೆಯ ಮುಂದೆ ಬೆಳಕೆ ಊರಿನ ಬಸುರಿಯೊಬ್ಬಳು ನಿಂತು, “ನಂಗೂ ಇಂಥಾ ಕೂಸೇ ಬೇಕು” ಎಂದಳು. ಬೇಡ ಮಗಾ ಎನ್ನಲು ಬಾಯಿ ಬರಲಿಲ್ಲ. ನರ್ಮದಾ ಪಕ್ಕದಲ್ಲೇ ನಿಂತಿದ್ದಳು.

ನೀವಾದರೂ ಹೇಳಿ. ಮುಂದಿನ ಪ್ರದರ್ಶನದಲ್ಲಿ ತಕ್ಕಡಿ ಎತ್ತಿಟ್ಟು, ಮಗುವಿಗೆ ಎಷ್ಟು ಸಾಕೆಂಬುದನ್ನು ತಾಯಂದಿರಿಗೂ ಅಜ್ಜಿಯರಿಗೂ ತಿಳಿಸಿ. ನಮ್ಮದು ಕೈಮೀರಿದೆ, ಅವರದಿನ್ನೂ ಮೀರಿಲ್ಲ. ನೀವು ಕೊಟ್ಟ ಡಬ್ಬಿಯಲ್ಲಿ ಈಗ ಸಕ್ಕರೆಯಿದೆ. ನರ್ಮದಾಳ ಕೈಗೆ ಎಟುಕದಂತೆ ಅದನ್ನು ನಾನು ಮೇಲೇರಿಸಿದ್ದೇನೆ. ಪಟವನ್ನು ನೀವು ಇಳಿಸಿ.

ಇಂತಿ,
ಉಣಿಸುವುದನ್ನು ಮಾತ್ರ ಕಲಿತ ಅಜ್ಜಿ,
ಸಣ್ಣಮ್ಮ, ತೆಂಗಿನಗುಂಡಿ