ಕಾರಂಜಿಯ ಮೀನಿನ ಹೊಟ್ಟೆ ನೋಡಿದವರು ಯಾರು?

ಮಾನ್ಯ ಸಂಗ್ರಹಾಲಯದ ನಿರ್ದೇಶಕರೇ,

ಆರು ವರ್ಷಗಳ ಹಿಂದೆ ಚೌಕದ ಕಾರಂಜಿಯಿಂದ ಕಳುವಾದ ಕಂಚಿನ ಮೀನು ಎಲ್ಲಿದೆಯೆಂದು ತಮ್ಮ ಕಚೇರಿಯಲ್ಲಿ ಯಾರಿಗೋ ಗೊತ್ತಿದೆ. ಇಷ್ಟು ಒರಟಾಗಿ ಶುರುಮಾಡಿದ್ದಕ್ಕೆ ಕ್ಷಮೆಯಿರಲಿ. ನಯವಾದ ಅರ್ಜಿಗಳನ್ನೂ ಬರೆದಿದ್ದೆ. ಅವು ತಮ್ಮ ಯಾವ ಕಪಾಟಿನಲ್ಲಿ ವಿಶ್ರಮಿಸುತ್ತಿವೆಯೋ ತಿಳಿಯದು.

ಶಾಲಾಮಕ್ಕಳು ಊರಿನ ಇತಿಹಾಸ ಕಲಿಯಲೆಂದು ತಾವು ವಿಡಿಯೋ ಗೇಮ್ ಒಂದನ್ನು ಮಾಡಿಸಿದ್ದೀರಿ. ಪ್ರಶ್ನೆಗಳಿಗೆ ಉತ್ತರಿಸುತ್ತ ಹಳೆಯ ವಸ್ತುಗಳನ್ನು ಗೆದ್ದು ಚೀಲಕ್ಕೆ ಹಾಕಿಕೊಳ್ಳಬೇಕು. ಕಳುವಾದ ವಸ್ತುವನ್ನು ಚೀಲಕ್ಕಿಳಿಸುವುದು ಯಾವ ವಿಷಯದ ಪಾಠವೋ ನಾನರಿಯೆ. ಅದಿರಲಿ. ಕಳೆದ ತಿಂಗಳು ನನ್ನ ಅಣ್ಣನ ಮಗಳು ಶಾಲೆಯ ಟ್ಯಾಬ್ಲೆಟ್ ಹಿಡಿದು ಅಂಗಡಿಗೆ ಬಂದಳು. "ಅತ್ತೆ, ನಂಗೆ ಮೀನು ಸಿಕ್ತು. ಬೆರಳಲ್ಲಿ ತಿರುಗಿಸಿದ್ರೆ ಹೊಟ್ಟೆನೂ ಕಾಣುತ್ತೆ ನೋಡಿ," ಅಂದಳು.

ನೋಡಿದೆ. ಕೈಲಿದ್ದ ಕೆಲಸ ಕೆಳಗಿಟ್ಟು ಮತ್ತೆ ನೋಡಿದೆ.

ನಾನು ಲೋಹಕ್ಕೆ ಬೆಸುಗೆ ಹಾಕಿ ಬದುಕುವವಳು. ಕಳವಿಗೆ ಎರಡು ವಾರ ಮುಂಚೆ, ಮೀನಿನ ಹೊಟ್ಟೆ ಬಿರುಕುಬಿಟ್ಟು ನೀರು ಸೋರುತ್ತಿದೆಯೆಂದು ನಗರಸಭೆಯವರು ಅದನ್ನು ಬಿಚ್ಚಿ ತಂದಿದ್ದರು. ತೇಪೆ ಹಾಕಿದವಳು ನಾನು. ಒಂದು ಮೂಲೆಯಲ್ಲಿ ಬೆಸುಗೆ ಹರಿದು ಬಟಾಣಿ ಗಾತ್ರದ ಗಂಟಾಯಿತು. ಉಜ್ಜಿ ತೆಗೆಯಲು ಸೋಮಾರಿತನ. ಹೊಟ್ಟೆ ಹೇಗೂ ಕಲ್ಲಿನ ಮೇಲೆ ಕೂರುತ್ತದೆ, ಯಾರು ನೋಡುತ್ತಾರೆ ಎಂದು ಬಿಟ್ಟೆ. ಆಟದ ಮೀನಿನಲ್ಲೂ ಆ ಗಂಟಿದೆ. ನನ್ನ ಸೋಮಾರಿತನವನ್ನು ಊಹಿಸಿ ಬಿಡಿಸಬಲ್ಲ ಕಲಾವಿದರು ತಮ್ಮಲ್ಲಿದ್ದಾರೆಯೇ?

ನನ್ನ ಅಂಗಡಿಯಲ್ಲೇ ಯಾರೋ ಫೋಟೋ ತೆಗೆದಿರಬಹುದು ಎನ್ನುವಿರೇನೋ. ಹಾಗಾದರೆ ಹೊಟ್ಟೆಯಡಿಯ ನಾಲ್ಕು ಬೋಲ್ಟುಗಳನ್ನು ನೋಡಿ. ನಾನು ಹಾಕಿದ ಹೊಸ ಬೋಲ್ಟುಗಳು ಗೇಣುದ್ದ ಇದ್ದವು. ಅವನ್ನು ನಗರಸಭೆಯವರು ಕಾರಂಜಿಯ ಕಲ್ಲಿನಲ್ಲಿ ಸಿಮೆಂಟ್ ಹಾಕಿ ಕೂರಿಸಿದ್ದರು. ಕಳ್ಳರು ಗರಗಸದಿಂದ ಕೊಯ್ದರು. ತುಂಡುಗಳು ಇಂದಿಗೂ ಕಲ್ಲಿನಲ್ಲಿವೆ. ಆಟದ ಮೀನಿನ ಬೋಲ್ಟುಗಳು ಕೊಯ್ದು ಮೊಂಡಾಗಿವೆ. ಅಂದಮೇಲೆ ಆಟಕ್ಕೆಂದು ನಿಜವಾದ ಮೀನಿನ ಅಳತೆ ತೆಗೆದದ್ದು ಕಳುವಾದ ನಂತರವಲ್ಲವೇ?

ಇದನ್ನೇ ಹೇಳಲು ತಮ್ಮ ಕಚೇರಿಗೆ ಬಂದಿದ್ದೆ. "ಅದು ಬರೀ ಆಟ ಕಣಮ್ಮ, ಅದಕ್ಯಾಕೆ ಇಷ್ಟು ತಲೆ ಕೆಡಿಸ್ಕೋತೀರ?" ಎಂದರು ತಮ್ಮ ಗುಮಾಸ್ತರು. ನಾಲ್ಕನೆಯ ದಿನಕ್ಕೆ ಆಟದ ಮೀನು ತಿರುಗುವುದನ್ನು ನಿಲ್ಲಿಸಿತು. ಈಗ ಬೆನ್ನು ಮಾತ್ರ ಕಾಣುತ್ತದೆ. ಬರೀ ಆಟಕ್ಕೆ ಇಷ್ಟು ಅವಸರದ ರಿಪೇರಿಯೇ? ತಡವಾಯಿತು, ಸ್ವಾಮಿ. ಹುಡುಗಿ ಮೊದಲೇ ಎಲ್ಲವನ್ನೂ ವಿಡಿಯೋ ಮಾಡಿಟ್ಟಿದ್ದಳು. ಅದರ ಒಂದು ಪ್ರತಿ ಪೊಲೀಸರ ಬಳಿ ಇದೆ, ಇನ್ನೊಂದು ಈ ಪತ್ರ ಅಚ್ಚುಮಾಡಿದ ಪತ್ರಿಕೆಯ ಬಳಿ ಇದೆ.

ಚೌಕದ ಕಾವಲುಗಾರನಾಗಿದ್ದವನು ನನ್ನ ಅಣ್ಣ. "ಕಾವಲು ನಿಂದು, ಬೆಸುಗೆ ತಂಗೀದು. ಮೀನು ಯಾರಿಗೆ ಮಾರಿದ್ರಿ?" ಎಂದು ಪೊಲೀಸರು ಒಂಬತ್ತು ದಿನ ಠಾಣೆಯಲ್ಲಿ ಕೂರಿಸಿಕೊಂಡು ಕೇಳಿದರು. ಸಾಕ್ಷಿ ಸಿಗಲಿಲ್ಲ, ಆದರೂ ಕೆಲಸ ಹೋಯಿತು. ಇಂದಿಗೂ ಅವನು ಚೌಕ ತಪ್ಪಿಸಿ ಸುತ್ತುಬಳಸಿ ನಡೆಯುತ್ತಾನೆ. ವಿಡಿಯೋ ತೋರಿಸಿದಾಗ ಎರಡು ಸಲ ನೋಡಿ, "ನಾನೇ ಕದ್ದೆ ಅಂತ ನಿಂಗೂ ಒಂದ್ಸಲ ಅನ್ನಿಸಿತ್ತಲ್ವಾ?" ಅಂದ.

ಅನ್ನಿಸಿತ್ತು. ಒಂದು ಸಲವಲ್ಲ, ಹಲವು ಸಲ. ಅವನ ಮುಖ ನೋಡಿ ಹೇಳಲಾಗದ್ದನ್ನು ಇಲ್ಲಿ ಊರೆದುರು ಬರೆಯುತ್ತಿದ್ದೇನೆ.

ಆ ಮೀನನ್ನು ಯಾವ ಕೋಣೆಯಲ್ಲಿ, ಯಾರ ಮೇಜಿನ ಮೇಲಿಟ್ಟು ಅಳತೆ ತೆಗೆದರು? ಹೆಸರು ಹೇಳಿ. ಮತ್ತು ಈ ಕಳವಿಗೂ ಕಾವಲುಗಾರನಿಗೂ ಸಂಬಂಧವಿಲ್ಲವೆಂದು ತಮ್ಮ ಸಹಿಯಿರುವ ಕಾಗದ ಕೊಡಿ. ಮೀನು ನಿಧಾನವಾಗಿ ಬರಲಿ, ಆ ಕಾಗದ ಮೊದಲು ಬರಲಿ.

ಇಂತಿ,
ಅನುಮಾನಪಡಬೇಕಾದವರನ್ನು ಬಿಟ್ಟು ಒಡಹುಟ್ಟಿದವನನ್ನು ಅನುಮಾನಿಸಿದ
ಬೆಸುಗೆ ಅಂಗಡಿಯವಳು